ತೋಳಿನ ಮೇಲಿನ ಮೂರು ಪಟ್ಟಿ

ನಮ್ಮ ಹಿಂದಿನ ರಸ್ತೆಯ ಆಂಟಿಯ ತಾತ ಕರ್ನಲ್ ಆಗಿದ್ದರು ಎಂಬುದು ಕುಕ್ ಟೌನಿನ ಆ ಬೀದಿಗೆಲ್ಲ ಗೊತ್ತಿತ್ತು. ಹಾಲಿನವನಿಗೂ ಗೊತ್ತಿತ್ತು, ಗ್ಯಾಸ್ ಸಿಲಿಂಡರ್ ತರುವವನಿಗೂ ಗೊತ್ತಿತ್ತು. ಅವರ ಮುಂದಿನ ಕೋಣೆಯಲ್ಲಿ, ಏಸುವಿನ ಪಟಕ್ಕೂ ನಿಂತುಹೋದ ಗಡಿಯಾರಕ್ಕೂ ನಡುವೆ, ಮೀಸೆ ಹುರಿಮಾಡಿದ ಬಿಳಿಯನೊಬ್ಬ ಚೌಕಟ್ಟಿನೊಳಗೆ ನಿಂತಿದ್ದ. ಆಂಟಿಗೆ ಈಗ ಎಂಬತ್ತನಾಲ್ಕು. ಅವರ ಅಮ್ಮನ ಬಾಯಲ್ಲಿ ತಾತ ಬರೀ ಸಾರ್ಜೆಂಟ್ ಆಗಿದ್ದರಂತೆ. ಆಂಟಿಯ ಮದುವೆಯ ಹೊತ್ತಿಗೆ ಕ್ಯಾಪ್ಟನ್ ಆದರು. ಮಕ್ಕಳು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಮೇಲೆ ಕರ್ನಲ್. ಸತ್ತ ಮೇಲೂ ಹೀಗೆ ಮೇಲಿಂದ ಮೇಲೆ ಬಡ್ತಿ ಸಿಗುವ ನೌಕರಿ ಇದೊಂದೇ ಇರಬೇಕು. ನಾನು ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಬದುಕಿದ್ದುಕೊಂಡೇ, ದುಡಿದೆ. ಬಡ್ತಿ ಸಿಕ್ಕಿದ್ದು ಎರಡು ಸಲ, ಎರಡೂ ಸಲ ಕೋರ್ಟಿಗೆ ಹೋಗಿ.

ನಾನು ಮಗನ ಮನೆಗೆಂದು ಆರು ತಿಂಗಳು ಇಂಗ್ಲೆಂಡಿಗೆ ಹೊರಟಾಗ ಆಂಟಿ ನನ್ನನ್ನು ಕರೆಸಿದರು. ಕೇಕಿನ ತುಂಡೊಂದನ್ನು ಮುಂದಿಟ್ಟು, ‘ನಿನಗೆ ಹಳೇ ಕಾಗದ ಅಂದ್ರೆ ಹುಚ್ಚು ಅಲ್ವಾ ಮ್ಯಾನ್? ಅಲ್ಲಿ ಎಲ್ಲಾ ಬರೆದಿಟ್ಟಿರ್ತಾರಂತೆ. ನಮ್ಮ ಗ್ರ್ಯಾಂಡ್‌ಪಾದು ಹುಡುಕಿಕೊಂಡು ಬಾ’ ಎಂದರು. ಅವರಿಗೆ ಗೊತ್ತಿದ್ದದ್ದು ಮೂರೇ ಸಂಗತಿ. ತಾತನ ಹೆಸರು, ಮನೆಯ ಗೋಡೆಗೆ ಗುಂಡಿನೇಟು ತಾಗಿದರೂ ಜಗ್ಗದಷ್ಟು ಗಟ್ಟಿ ನಿದ್ದೆ, ಮತ್ತು ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ಅಂಗಿ. ‘ತೋಳು ಮಡಿಸಿದ್ದನ್ನು ಯಾರೂ ನೋಡಿಲ್ಲ. ಜಂಟಲ್‌ಮನ್!’ ಚೌಕಟ್ಟು ಬಿಚ್ಚಿ ಫೋಟೋ ಕೊಟ್ಟರು. ಹೊಲಿಗೆ ಡಬ್ಬಿಯೊಳಗೆ ದಾರದುಂಡೆಗಳ ಜೊತೆ ಬಿದ್ದಿದ್ದ ಒಂದು ಬೆಳ್ಳಿ ಪದಕವನ್ನೂ, ‘ಇದು ಏನಕ್ಕಾದರೂ ಬರುತ್ತಾ ನೋಡು’ ಎಂದು, ಪೊಟ್ಟಣ ಕಟ್ಟಿದರು.

ಫೋಟೋವನ್ನು ನಾನೂ ನನ್ನ ಹೆಂಡತಿಯೂ ಎಲ್ಲರೂ ನೋಡುವ ಹಾಗೆಯೇ ನೋಡಿದೆವು, ಅಂದರೆ ಮುಖವನ್ನು. ‘ಮೂಗು ಆಂಟಿಯದೇ’ ಎಂದಳು ಅವಳು. ‘ಕಣ್ಣಲ್ಲಿ ಅಧಿಕಾರ ಇದೆ’ ಎಂದೆ ನಾನು. ಮಗನ ಊರಿನ ಪಾರ್ಕಿನಲ್ಲಿ ದಿನಾ ಸಿಗುತ್ತಿದ್ದ, ಸೈನ್ಯದಿಂದ ನಿವೃತ್ತನಾದ ಮುದುಕನೊಬ್ಬನಿಗೆ ತೋರಿಸಿದಾಗ ಅವನು ಮಾಡಿದ ಮೊದಲ ಕೆಲಸವೆಂದರೆ ಹೆಬ್ಬೆರಳಿನಿಂದ ಆ ಮುಖವನ್ನು ಮುಚ್ಚಿದ್ದು. ಮುಖ ನೋಡಿದರೆ ಕಥೆ ಹುಟ್ಟುತ್ತದೆ, ಬಟ್ಟೆ ನೋಡಿದರೆ ಲೆಕ್ಕ ಸಿಗುತ್ತದೆ ಎನ್ನುವುದು ಅವನ ವಾದ. ಜೇಬಿನಿಂದ ಭೂತಗನ್ನಡಿ ತೆಗೆದು ಬೂಟಿನಿಂದ ಶುರುಮಾಡಿದ. ಹಿಮ್ಮಡಿಯಲ್ಲಿ ಮುಳ್ಳು ಇದೆ, ಅಂದರೆ ಕುದುರೆಯ ಸಹವಾಸದವನು. ಎದೆಗೆ ಅಡ್ಡವಾಗಿ ಗುಂಡಿನ ಪುಟ್ಟ ಚೀಲಗಳಿರುವ ಚರ್ಮದ ಪಟ್ಟಿ, ಅದೂ ಸವಾರರ ಕಡೆಯದೇ. ಟೊಪ್ಪಿಯ ಬಿಲ್ಲೆಯಲ್ಲಿ ಗಾಲಿಯ ಮೇಲೆ ಕೂತ ಫಿರಂಗಿ. ಆದ್ದರಿಂದ ರಾಯಲ್ ಆರ್ಟಿಲರಿ, ಫಿರಂಗಿ ಪಡೆ.

‘ಮೂರು ಪಟ್ಟಿ ಇದೆಯಲ್ಲ, ಸಾರ್ಜೆಂಟ್ ಅಂತ ಅವರ ಮನೆಯಲ್ಲಿ...’ ಎಂದೆ. ನಮ್ಮಲ್ಲಿ ತೋಳಿನ ಮೇಲೆ ಮೂರು ಪಟ್ಟಿ ಎಂದರೆ ಹೆಡ್ ಕಾನ್‌ಸ್ಟೇಬಲ್ ಎಂದು ಮಕ್ಕಳಿಗೂ ಗೊತ್ತು. ಮುದುಕ ನಕ್ಕ. ಸಾರ್ಜೆಂಟಿನ ಪಟ್ಟಿ ಮೇಲ್ದೋಳಿನಲ್ಲಿರುತ್ತದೆ, ಮೊನೆ ಕೆಳಕ್ಕೆ. ಇದು ಎಡ ಮುಂಗೈ ಮೇಲೆ, ಮೊನೆ ಮೇಲಕ್ಕೆ. ಇದಕ್ಕೆ ಸನ್ನಡತೆಯ ಪಟ್ಟಿ ಎನ್ನುತ್ತಾರೆ. ತಪ್ಪಿತಸ್ಥರ ಪುಸ್ತಕದಲ್ಲಿ ಹೆಸರು ಬರದ ಹಾಗೆ ಇಷ್ಟಿಷ್ಟು ವರ್ಷ ಕಳೆದರೆ ಒಂದೊಂದು ಪಟ್ಟಿ, ದಿನಕ್ಕೆ ಒಂದು ಪೆನ್ನಿ ಹೆಚ್ಚು ಸಂಬಳ. ಮೂರು ಪಟ್ಟಿಗೆ 12 ವರ್ಷ. ಅದಕ್ಕಿಂತ ಮುಖ್ಯವಾದ ಮಾತು, ಇವನ್ನು ಹಾಕುತ್ತಿದ್ದವರು ಕೆಳಗಿನ ದರ್ಜೆಯವರು ಮಾತ್ರ. ಮೇಲಕ್ಕೆ ಹೋದವನು ಇವನ್ನು ಕಳಚಬೇಕು. ಆದ್ದರಿಂದ ಈ ಮನುಷ್ಯ 12 ವರ್ಷ ಒಳ್ಳೆಯವನಾಗಿದ್ದ, ಅಥವಾ ಸಿಕ್ಕಿಬೀಳದೆ ಇದ್ದ. ಒಂದು ಮೆಟ್ಟಿಲೂ ಹತ್ತಲಿಲ್ಲ. ಕರ್ನಲ್ ಸಾಹೇಬರು ಪಾರ್ಕಿನ ಬೆಂಚಿನ ಮೇಲೆ ನನ್ನ ಕಣ್ಣೆದುರಿಗೇ ಸಾದಾ ಗನ್ನರ್ ಆಗಿಬಿಟ್ಟರು.

ಅಲ್ಲಿಂದ ಮುಂದೆ ನನಗೆ ಹುಚ್ಚು ಹತ್ತಿತು. ಮೊಮ್ಮಗಳನ್ನು ಮಲಗಿಸಿ ರಾತ್ರಿಯೆಲ್ಲ ಬೇರೆ ಸಿಪಾಯಿಗಳ ಹಳೇ ಫೋಟೋಗಳಲ್ಲಿ ಗುಂಡಿ ಎಣಿಸುತ್ತ ಕೂತೆ. ರಾಜನ ಅರಮನೆ ಕಾಯುವ ಗಾರ್ಡ್ಸ್ ಪಡೆಗಳಲ್ಲಿ ಕೋಟಿನ ಗುಂಡಿ ನೋಡಿಯೇ ಮನೆತನ ಹೇಳಬಹುದು. ಗ್ರೆನೇಡಿಯರ್‌ಗಳಿಗೆ ಒಂಟಿ ಗುಂಡಿ, ಕೋಲ್ಡ್‌ಸ್ಟ್ರೀಮ್‌ನವರಿಗೆ ಜೋಡಿ ಜೋಡಿ, ಸ್ಕಾಟರಿಗೆ ಮೂರು, ಐರಿಶ್ ಗಾರ್ಡ್ಸಿಗೆ ನಾಲ್ಕು, ವೆಲ್ಶ್ ಗಾರ್ಡ್ಸಿಗೆ ಐದೈದು. ನಾಮದ ಗೆರೆ ನೋಡಿ ಮಠ ಹೇಳುವ ನಮ್ಮ ಹಿರಿಯರು ಇದನ್ನು ಎರಡು ನಿಮಿಷದಲ್ಲಿ ಕಲಿತುಬಿಡುತ್ತಿದ್ದರು. ಮಿಕ್ಕ ಪಡೆಗಳ ಗುರುತು ಕೆಂಪು ಕೋಟಿನ ಕೊರಳಪಟ್ಟಿ ಮತ್ತು ಮುಂಗೈಯ ಬಣ್ಣದಲ್ಲಿ. ಆದರೆ ಫೋಟೋದಲ್ಲಿ ಬಣ್ಣ ಎಲ್ಲಿಂದ ಬರಬೇಕು? ಇದರ ಮೇಲೆ ಇನ್ನೊಂದು ತೊಡಕು. ಹಳೆಯ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣಿಸುತ್ತಲೇ ಇರಲಿಲ್ಲ. ರಕ್ತಗೆಂಪು ಕೋಟು ಕಪ್ಪಾಗಿ ಮೂಡುತ್ತಿತ್ತು, ತಿಳಿನೀಲಿ ಬಿಳಿಚಿಕೊಂಡು ಬಿಳಿಯೇ ಆಗಿಬಿಡುತ್ತಿತ್ತು. ಕರಿಕೋಟಿನ ಮುತ್ತಜ್ಜನನ್ನು ಪಾದ್ರಿಯೆಂದು ಪೂಜಿಸಿಕೊಂಡು ಬಂದ ಮನೆಗಳು ಎಷ್ಟಿದ್ದಾವೋ.

ಮೊದಲ ಮಹಾಯುದ್ಧದ ಫೋಟೋಗಳು ಸ್ವಲ್ಪ ಧಾರಾಳವಾಗಿ ಮಾತಾಡುತ್ತವೆ. ಎಡ ಮುಂಗೈ ಮೇಲೆ ನೆಟ್ಟಗೆ ನಿಂತ ಸಣ್ಣ ಲೋಹದ ಪಟ್ಟಿ ಇದ್ದರೆ ಗಾಯಗೊಂಡವನು. ಒಂದು ಗಾಯಕ್ಕೆ ಒಂದು, 1916ರಿಂದ. ಬಲ ಮುಂಗೈ ಮೇಲೆ ಪುಟ್ಟ ಕೊಕ್ಕೆಗೆರೆಗಳಿದ್ದರೆ ಸಾಗರದಾಚೆ ಕಳೆದ ವರ್ಷಗಳ ಲೆಕ್ಕ. ಇವುಗಳಿಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆಸ್ಪತ್ರೆಯ ನೀಲಿ. ಗಾಯ ಮಾಯುತ್ತಿದ್ದ ಸಿಪಾಯಿಗಳಿಗೆ ಪೈಜಾಮದಂಥ ನೀಲಿ ಸೂಟು, ಬಿಳಿ ಅಂಗಿ, ಕೆಂಪು ಟೈ ಕೊಡುತ್ತಿದ್ದರು. ಅಳತೆಗೆ ಹೊಲಿದದ್ದಲ್ಲ, ಆದ್ದರಿಂದ ತೋಳು ಗೇಣುದ್ದ ಮಡಿಸಿರುತ್ತಿತ್ತು. ಇಂಥ ಫೋಟೋ ಇಟ್ಟುಕೊಂಡ ಮೊಮ್ಮಕ್ಕಳು ‘ನಮ್ಮ ತಾತ ಬ್ಯಾಂಡಿನವನು’ ಎಂದೋ ‘ಜೈಲಿನಲ್ಲಿದ್ದ’ ಎಂದೋ ತಿಳಿದಿರುತ್ತಾರೆ. 1914ರಲ್ಲಿ ಯುದ್ಧಮಂತ್ರಿ ಕಿಚನರನ ಕರೆಗೆ ಓಡಿಬಂದ ಹುಡುಗರಿಗಂತೂ ಖಾಕಿ ಬಟ್ಟೆ ಸಾಲದೆ ನೀಲಿ ಸರ್ಜಿನ ಉಡುಪು ಕೊಟ್ಟರು. ಸೈನಿಕನಾಗಲು ಹೊರಟವನು ಅಂಚೆಪೇದೆಯ ಹಾಗೆ ನಿಂತ ಫೋಟೋ ನೋಡಿದರೆ ಅವನ ಮುಖದ ನಾಚಿಕೆ ಈಗಲೂ ಆರಿಲ್ಲ.

ಖಾಕಿ ಎಂದಾಗ ಒಂದು ಮಾತು. ಅದು ಪಾರಸಿಯ ಧೂಳು. 1846ರಲ್ಲಿ ಪೇಶಾವರದಲ್ಲಿ ಗೈಡ್ಸ್ ಪಡೆ ಕಟ್ಟಿದ ಹ್ಯಾರಿ ಲಮ್ಸ್‌ಡೆನ್ ತನ್ನವರಿಗೆ ಈ ಮಣ್ಣುಬಣ್ಣದ ಬಟ್ಟೆ ತೊಡಿಸಿದ ಎಂದು ಬ್ರಿಟಿಷರ ಪುಸ್ತಕಗಳು ಹೇಳುತ್ತವೆ. ಮಂಗಳೂರಿನ ನನ್ನ ಬೀಗರ ಮುಂದೆ ಇದನ್ನು ಹೇಳಿ ನೋಡಿ! ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ ಬಣ್ಣ ಕಾಯಿಸಿ ಖಾಕಿ ಕಂಡುಹಿಡಿದದ್ದು, ಪೇಶಾವರದವರದ್ದು ಬರೀ ಕೆಸರು ಎನ್ನುತ್ತಾರೆ. ಬೀಗರೊಡನೆ ವಾದ ಬೇಡವೆಂದು ನಾನು ಇಬ್ಬರಿಗೂ ಅರ್ಧರ್ಧ ಹಂಚಿದ್ದೇನೆ. ಕೆಂಪು ಕೋಟಿನಲ್ಲಿ ಬ್ರಿಟಿಷರು ಕೊನೆಯದಾಗಿ ಹೋರಾಡಿದ್ದು 1885ರ ಡಿಸೆಂಬರಿನಲ್ಲಿ, ಸುಡಾನಿನ ಗಿನ್ನಿಸ್‌ನಲ್ಲಿ. 1902ರ ಹೊತ್ತಿಗೆ ಇಂಗ್ಲೆಂಡಿನ ಸ್ವಂತ ನೆಲದಲ್ಲೂ ದುಡಿಮೆಯ ಉಡುಪು ಖಾಕಿಯೇ ಆಯಿತು. ಧೂಳು ನಮ್ಮದೇ, ಬಟ್ಟೆ ಮಾತ್ರ ಅವರದು.

ಫೋಟೋ ಹೇಳುವುದು ಇಷ್ಟೇ. ಅದು ಹೆಸರು ಹೇಳುವುದಿಲ್ಲ. ಹೆಸರು ಹೇಳುವುದು ಪದಕ, ಅದರ ಮುಖವಲ್ಲ, ಅಂಚು. ದಾರದುಂಡೆಗಳ ಜೊತೆ ಬಿದ್ದಿದ್ದ ಪದಕದ ಅಂಚನ್ನು ಮುದುಕ ಬಿಸಿಲಿಗೆ ಹಿಡಿದು ತಿರುಗಿಸಿದ. ನಂಬರು, ದರ್ಜೆ, ಹೆಸರು, ಪಡೆ ಎಲ್ಲವೂ ಇರುವೆ ಸಾಲಿನ ಹಾಗೆ ಹರಿದುಬಂದವು. ಮೊದಲ ಮಹಾಯುದ್ಧದ ಬೆಳ್ಳಿ ಪದಕ, ರಾಯಲ್ ಆರ್ಟಿಲರಿ. ದರ್ಜೆ ಮತ್ತದೇ, ಗನ್ನರ್. ಎಲ್ಲ ಪದಕಗಳೂ ಹೀಗೆ ಉಪಕಾರಿಗಳಲ್ಲ. 1799ರಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಒಂದು ಪದಕ ಹೊಡೆಸಿತು. ಅಧಿಕಾರಿಗಳಿಗೆ ಚಿನ್ನ, ಬೆಳ್ಳಿ. ಇಳಿಯುತ್ತ ಇಳಿಯುತ್ತ ಸಾಮಾನ್ಯ ಸಿಪಾಯಿಗೆ ತವರ. ಒಂದು ಬದಿಗೆ ಹುಲಿಯನ್ನು ಮೆಟ್ಟಿ ಹಿಡಿದ ಸಿಂಹ, ಇನ್ನೊಂದು ಬದಿಗೆ ಕೋಟೆಗೆ ಲಗ್ಗೆ. ಅಂಚು ಮಾತ್ರ ಬೋಳು, ಪಡೆದವನ ಹೆಸರಿಲ್ಲ. ಹುಲಿಯ ಹೆಸರು ಜಗತ್ತಿಗೇ ಗೊತ್ತು, ಮೆಟ್ಟಿದವನ ಹೆಸರು ಅವನ ಮರಿಮಗನಿಗೂ ಗೊತ್ತಿಲ್ಲ. ನನಗೇನೂ ಬೇಸರವಾಗಲಿಲ್ಲ ಎನ್ನಿ.

ನಂಬರು ಸಿಕ್ಕಿತಲ್ಲ, ಇನ್ನೇನು ಎಂದು ನಾನು ಬೀಗಿದೆ. 1920ಕ್ಕೆ ಮುಂಚೆ ಸೈನ್ಯಕ್ಕೆಲ್ಲ ಸೇರಿ ಒಂದು ನಂಬರಿನ ಸಾಲು ಇರಲೇ ಇಲ್ಲವಂತೆ. ಒಂದೊಂದು ರೆಜಿಮೆಂಟು ತನ್ನ ಪಾಡಿಗೆ ಎಣಿಸುತ್ತಿತ್ತು, ಒಂದೇ ನಂಬರಿನವರು ಬೇರೆ ಬೇರೆ ಪಡೆಗಳಲ್ಲಿ ಹತ್ತಾರು ಜನ. ಪಡೆ ಬದಲಾದರೆ ನಂಬರೂ ಹೊಸದು. ರೆಜಿಮೆಂಟುಗಳಾದರೂ ನೆಟ್ಟಗಿದ್ದವೇ? 1881ರಲ್ಲಿ ಕಾಲಾಳು ರೆಜಿಮೆಂಟುಗಳ ನಂಬರು ಕಿತ್ತುಹಾಕಿ ಹೆಚ್ಚಿನವಕ್ಕೆ ಜಿಲ್ಲೆಗಳ ಹೆಸರಿಟ್ಟರು, ಬಹಳಷ್ಟನ್ನು ಎರಡೆರಡಾಗಿ ಸೇರಿಸಿ ಹೊಲಿದರು. ಶ್ರೀರಂಗಪಟ್ಟಣಕ್ಕೆ ಆರ್ಥರ್ ವೆಲ್ಲೆಸ್ಲಿಯ ಜೊತೆ ಬಂದಿದ್ದ 33ನೆಯ ಪಡೆ 76ನೆಯದರ ಜೊತೆ ಕೂಡಿ ಡ್ಯೂಕ್ ಆಫ್ ವೆಲಿಂಗ್ಟನ್ಸ್ ರೆಜಿಮೆಂಟ್ ಆಯಿತು. ನನಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಹಳೇ ಸರ್ವೆ ನಂಬರು, ಹೊಸ ಸರ್ವೆ ನಂಬರು, ನಡುವೆ ಪೋಡಿ, ಆಮೇಲೆ ಇಬ್ಬರು ಅಣ್ಣತಮ್ಮಂದಿರ ತಕರಾರು. ಇದನ್ನೆಲ್ಲ ಬಿಡಿಸಿ ಬಿಡಿಸಿ ನನ್ನ ಕೂದಲು ನೆರೆತದ್ದು.

ಈ ಕಾಗದಗಳೆಲ್ಲ ಇರುವ ಊರಿನ ಹೆಸರು ಕ್ಯೂ. ‘ನಾಳೆ ಕ್ಯೂಗೆ ಹೋಗಬೇಕು’ ಎಂದಾಗ ಹೆಂಡತಿ, ‘ಇಲ್ಲಿಗೆ ಬಂದರೂ ನಿಮಗೆ ಅದು ತಪ್ಪಲಿಲ್ಲವಲ್ಲ, ಪಡಿತರವೋ ಪಿಂಚಣಿಯೋ?’ ಎಂದಳು. ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದು ಹೋದೆ. ನ್ಯಾಷನಲ್ ಆರ್ಕೈವ್ಸಿನ ಮುಂದೆ ಕೊಳ, ಕೊಳದಲ್ಲಿ ಬಾತುಕೋಳಿ. ಒಳಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ರಬ್ಬರೂ ಇಲ್ಲ. ಇಷ್ಟು ಮಡಿ ನಮ್ಮ ರೆಕಾರ್ಡ್ ರೂಮಿನಲ್ಲಿ ಇದ್ದದ್ದು ಬೆಳ್ಳಿಮೀನು ಹುಳುಗಳಿಗೆ ಮಾತ್ರ. ಅವು ಪೆನ್ನು ತರುತ್ತಿರಲಿಲ್ಲ.

ಅಲ್ಲಿನ ದೊಡ್ಡ ಶೋಕ 1940ರದು. ಆ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಾಲ್‌ವರ್ತ್ ಬಳಿಯ ಆರ್ನ್‌ಸೈಡ್ ಸ್ಟ್ರೀಟಿನಲ್ಲಿದ್ದ ಸೈನ್ಯದ ದಾಖಲೆ ಉಗ್ರಾಣದ ಮೇಲೆ ಜರ್ಮನರ ಬೆಂಕಿಬಾಂಬು ಬಿತ್ತು. ಮೊದಲ ಯುದ್ಧದ ಸಾಮಾನ್ಯ ಸಿಪಾಯಿಗಳ ಸೇವಾ ಕಡತಗಳಲ್ಲಿ ಶೇಕಡಾ 60ರಷ್ಟು ಸುಟ್ಟುಹೋದವು. ಮೊದಲ ಯುದ್ಧದಲ್ಲಿ ಉಳಿದವರನ್ನು ಎರಡನೆಯ ಯುದ್ಧ ಕಾಗದದಲ್ಲಿ ಹುಡುಕಿಕೊಂಡು ಬಂದು ಕೊಂದ ಹಾಗಾಯಿತು. ಉಳಿದವಕ್ಕೆ ಅಲ್ಲಿನವರು ಇಟ್ಟ ಹೆಸರೇ ‘ಸುಟ್ಟ ದಾಖಲೆಗಳು’. ಮೂಲವನ್ನು ಮುಟ್ಟಗೊಡುವುದಿಲ್ಲ, ಮುಟ್ಟಿದರೆ ಹಪ್ಪಳ. ಕ್ಯೂಗೆ ಹೋಗಿ ಕ್ಯೂ ನಿಂತು ನಾನು ಕೊನೆಗೆ ನೋಡಿದ್ದು ಕಂಪ್ಯೂಟರಿನ ಪರದೆಯನ್ನೇ. ಅಧಿಕಾರಿಗಳ ಪತ್ರವ್ಯವಹಾರದ ಕಡತಗಳು ಬೇರೆ ಕಡೆ ಇದ್ದವಂತೆ, ಅವು ಬಹಳಷ್ಟು ಉಳಿದಿವೆ. ತಾತ ಕರ್ನಲ್ ಆಗಿದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಆದರೂ ಸಿಕ್ಕಿದ. ಹತ್ತೊಂಬತ್ತು ಹಾಳೆ, ಬಲಮೇಲ್ಮೂಲೆ ಎಲ್ಲ ಹಾಳೆಯಲ್ಲೂ ಒಂದೇ ಆಕಾರದಲ್ಲಿ ಕರಕಲು. 1896ರಲ್ಲಿ ಲ್ಯಾಂಕಶೈರಿನಲ್ಲಿ ಸೇರಿದವನು. ಹತ್ತಿ ಗಿರಣಿಯ ಕೂಲಿ. ವಯಸ್ಸು 18 ವರ್ಷ 2 ತಿಂಗಳು ಎಂದು ಅವನೇ ಹೇಳಿದ್ದು, ದೇವರಿಗೇ ಗೊತ್ತು. ಎತ್ತರ ಐದು ಅಡಿ ಐದು ಅಂಗುಲ. ತೂಕ, ಉಸಿರು ಎಳೆದಾಗ ಎದೆಯ ಸುತ್ತಳತೆ, ಬಿಟ್ಟಾಗ ಎಷ್ಟು. ಮೈಬಣ್ಣ ಕೆಂಪು, ಕಣ್ಣು ಬೂದು, ಕೂದಲು ಕಂದು. ನಾನು ನಮ್ಮ ತಾತನ ಕಣ್ಣಿನ ಬಣ್ಣ ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರ ತೊಡೆಯ ಮೇಲೆ ಬೆಳೆದವನು ನಾನು.

ಇಷ್ಟು ಅಕ್ಕರೆಯಿಂದ ಬರೆದಿದ್ದಾರಲ್ಲ ಎಂದು ಒಂದು ಗಳಿಗೆ ಕಣ್ಣು ಒದ್ದೆಯಾಯಿತು. ರೆಕಾರ್ಡ್ ರೂಮಿನ ಬುದ್ಧಿ ಬೇಗ ಎಚ್ಚರಾಯಿತು. ಯಾವ ಸರ್ಕಾರವೂ ಅಕ್ಕರೆಯಿಂದ ಕಾಗದ ಬರೆಯುವುದಿಲ್ಲ. ಇವನು ಓಡಿಹೋದರೆ ಹಿಡಿಯಬೇಕು, ಇವನ ಹೆಸರಿನಲ್ಲಿ ಬೇರೆಯವನು ಬಂದು ಪಿಂಚಣಿ ಹೊಡೆಯಬಾರದು, ಅದಕ್ಕೆ ಕಣ್ಣಿನ ಬಣ್ಣ. ಓಡಿಹೋದವರ ಚಹರೆಯನ್ನು ಪೊಲೀಸ್ ಗೆಜೆಟಿನಲ್ಲಿ ಅಚ್ಚುಹಾಕಿಸುತ್ತಿದ್ದರು. ಸಿಕ್ಕವನ ಮೈಮೇಲೆ ಡೆಸರ್ಟರ್ ಎಂಬುದರ ‘ಡಿ’ ಅಕ್ಷರ ಚುಚ್ಚುವ ಪದ್ಧತಿ 1871ರವರೆಗೂ ಇತ್ತು. ನೂರಿಪ್ಪತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳು ಕಣ್ಣೀರಿಡುವ ವಿವರವೆಲ್ಲ ಸಂಶಯದಿಂದ ಹುಟ್ಟಿದ್ದು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು ಏಳು ತಲೆಮಾರಿನ ಹೆಸರು ಹೇಳುತ್ತಿದ್ದರು. ಕಾಳು, ಬಟ್ಟೆ ಕೊಟ್ಟು ಕಳಿಸುತ್ತಿದ್ದೆವು. ಹೆಳವನ ಬಾಯಲ್ಲಿ ನಮ್ಮ ಹಿರಿಯರೆಲ್ಲ ದಾನಶೂರರು, ಒಬ್ಬನಿಗೂ ಬೋಳುತಲೆ ಇಲ್ಲ, ಒಬ್ಬನೂ ಸಾಲ ಉಳಿಸಿ ಸತ್ತಿಲ್ಲ. ಪ್ರೀತಿಯಿಂದ ಇಟ್ಟ ಲೆಕ್ಕದಲ್ಲಿ ಮನುಷ್ಯ ಉಳಿಯುವುದಿಲ್ಲ, ಹೊಗಳಿಕೆ ಉಳಿಯುತ್ತದೆ. ಗನ್ನರ್ ಸಾಹೇಬರ ಹಾಳೆಯಲ್ಲಾದರೋ, ಬೀಡುಬಿಟ್ಟ ಕಡೆಯೆಲ್ಲ ಹಲ್ಲುನೋವು ಬಂದದ್ದೂ ಇದೆ, ಬೆಂಗಳೂರು ದಂಡಿನಲ್ಲಿ ಕುದುರೆ ಒದ್ದು ಹನ್ನೊಂದು ದಿನ ಮಲಗಿದ್ದೂ ಇದೆ.

ನಮ್ಮ ಸಿಪಾಯಿಗಳ ಮೇಲೆ ಆ ಸರ್ಕಾರಕ್ಕೆ ಇಷ್ಟು ಸಂಶಯವೂ ಇರಲಿಲ್ಲವೇನೋ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಭರ್ಜಿ ಹಿಡಿದು ಗೆದ್ದ ಮೈಸೂರು ಲ್ಯಾನ್ಸರ್‌ಗಳ ಸವಾರರು ಸಂಸ್ಥಾನದ ಪಡೆಯವರು. ಕ್ಯೂನಲ್ಲಿ ಅವರ ಕಣ್ಣಿನ ಬಣ್ಣ ಹುಡುಕಿದರೆ ಪ್ರಯೋಜನವಿಲ್ಲ. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಾಲಿನದು. ಅದಕ್ಕೂ ಹೆಸರಿಲ್ಲ, ಉಡುಪು ಇದೆ. ಪಂಜಾಬಿನವರ ಅದೃಷ್ಟ ಮೇಲು. ಮೊದಲ ಯುದ್ಧಕ್ಕೆ ಹೋದ ಸುಮಾರು 3,20,000 ಜನರ ಪಟ್ಟಿ, ಹಳ್ಳಿಹಳ್ಳಿಯ ಲೆಕ್ಕದಲ್ಲಿ, ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದಿತ್ತು. ಮೈಸೂರು ಸೀಮೆಯ ಯಾವುದಾದರೂ ಮನೆಯ ಹೊಲಿಗೆ ಡಬ್ಬಿಯಲ್ಲಿ ಇಂಥ ಪದಕ ಇದ್ದರೆ, ದಯವಿಟ್ಟು, ಅಕ್ಕಸಾಲಿಗೆ ಕೊಡುವ ಮುಂಚೆ ಅಂಚು ನೋಡಿ.

ಕೊನೆಯ ವಾರ ಬ್ರಿಟಿಷ್ ಲೈಬ್ರರಿಗೆ ಹೋದೆ. ಮದರಾಸು ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ಜ್ಞಾನಸ್ನಾನ, ಮದುವೆ, ಹೂಳುವಿಕೆ ಎಲ್ಲದರ ನಕಲು ಲಂಡನ್ನಿಗೆ ಹೋಗುತ್ತಿತ್ತು. ಬೆಂಗಳೂರು ದಂಡೂ ಅದರಲ್ಲೇ. 1907ರ ಮದುವೆಯ ಸಾಲು ಸಿಕ್ಕಿತು. ವರ, ಗನ್ನರ್, ಬ್ರಹ್ಮಚಾರಿ. ವಧು, ಹದಿನೇಳು. ಸಾಕ್ಷಿಗಳ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಬದಲು ಹಾಕಿದ ಒಂದು ಅಡ್ಡಗೀಟು. ಎಲ್ಲ ನಕಲು ಮಾಡಿಕೊಂಡು ವಿಮಾನ ಹತ್ತಿದೆ.

ಆಂಟಿಯ ಮನೆಯಲ್ಲಿ ಕೇಕು ತಯಾರಾಗಿತ್ತು. ಕರ್ನಲ್ ಪದವಿ ಹೋದದ್ದನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಅವರು ಒಂದೇ ಮಾತಿಗೆ ನುಂಗಿಕೊಂಡರು. ‘ಹನ್ನೆರಡು ವರ್ಷ ಗುಡ್ ಕಾಂಡಕ್ಟ್! ಯಾವ ಕರ್ನಲ್‌ಗೆ ಇರುತ್ತೆ ಮ್ಯಾನ್?’ ಕಣ್ಣು ಬೂದು ಎಂದದ್ದಕ್ಕೆ ಎದ್ದುಹೋಗಿ ಕನ್ನಡಿಯಲ್ಲಿ ತಮ್ಮ ಕಣ್ಣು ನೋಡಿಕೊಂಡು ಬಂದರು. ಒಂದು ಹಾಳೆಯನ್ನು ಮಾತ್ರ ನಾನು ಕಡತದ ಕೆಳಗೆ ಸರಿಸಿಟ್ಟಿದ್ದೆ. ಅವರ ಕನ್ನಡಕಕ್ಕೆ ಅದೇ ಮೊದಲು ಸಿಕ್ಕಬೇಕೇ? ‘ದೇಹದ ಮೇಲಿನ ಗುರುತುಗಳು’ ಎಂಬ ಕಲಮು. ಬಲ ಮುಂಗೈ ಮೇಲೆ ಹಚ್ಚೆ. ಒಂದು ಹೃದಯ, ಅದರೊಳಗೆ ಒಂದು ಹೆಂಗಸಿನ ಹೆಸರು. ಅಜ್ಜಿಯ ಹೆಸರಲ್ಲ. 1896ರಲ್ಲಿ ಅಜ್ಜಿಗೆ ಆರು ವರ್ಷ.

ಆಂಟಿ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಫೋಟೋ ತೆಗೆದುಕೊಂಡು, ಪಾರ್ಕಿನ ಮುದುಕನ ಹಾಗೆಯೇ ಮುಖ ಬಿಟ್ಟು, ಕೋಟಿನ ಬಲತೋಳನ್ನು ಬಹಳ ಹೊತ್ತು ನೋಡಿದರು. ಗೇಟಿನ ಹತ್ತಿರ ಹಾಲಿನವನ ಸೈಕಲ್ ಬೆಲ್ ಕೇಳಿಸಿತು.

‘ಅದಕ್ಕೇ ತುಂಬುತೋಳು’ ಎಂದರು. ಪಾತ್ರೆ ಹಿಡಿದು ಬಾಗಿಲವರೆಗೆ ಹೋಗಿ, ತಿರುಗಿ ನನ್ನ ಕಡೆ ಬೆರಳು ತೋರಿಸಿದರು. ‘ಅವನಿಗೆ ಹೇಳಬೇಡ ಮ್ಯಾನ್.’